ಪಾತ್ರೆ ನಂದು

ಮಾರ್ಚ್ ೪, ಮಂಗಳವಾರ

ಬೆಳಗಿನಿಂದ ಮೋಡ. ಮಳೆ ಬರಬಹುದು, ಬರದೆಯೂ ಇರಬಹುದು.

ಹವಾಮಾನ ಕಚೇರಿಯಲ್ಲಿ ಆಕಾಶ ನೋಡಿ ಬರೆಯುವುದೇ ಕೆಲಸವಾದವನಿಗೆ ಮನೆಗೆ ಬಂದು ಮತ್ತೆ ಪೆನ್ನು ಹಿಡಿಯುವ ಚಟ ಇರುವುದಿಲ್ಲ. ಇವತ್ತು ಯಾಕೋ ಕೂತಿದ್ದೇನೆ. ಶನಿವಾರ ಅಕ್ಕ ತನ್ನ ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ. ಬಲಗೈ ಏಳುತ್ತಿಲ್ಲ, ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಮಾತು ತೊದಲುತ್ತದೆ. ಕೋಟಿನ ಅಂಗಡಿಯಲ್ಲಿ ಆಯಸ್ಸೆಲ್ಲ ಬಟ್ಟೆ ಕತ್ತರಿಸಿದ ಕೈ ಅದು. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಳೆಂದರೆ ಮುಗಿಯಿತು, ಎರಡನೇ ಸಲ ಅಳೆದು ನೋಡಿದವಳಲ್ಲ.

"ವಾಸಿ ಆಗ್ತಾಳಾ ಡಾಕ್ಟ್ರೇ?" ಎಂದು ಕೇಳಿದೆ.

"ಈಗಲೇ ಏನೂ ಹೇಳೋಕಾಗಲ್ಲ. ಆಗಬಹುದು," ಎಂದರು.

ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಊರಿಗೆಲ್ಲ ನಾನು ಹಂಚುತ್ತ ಬಂದದ್ದೂ ಇದೇ 'ಬಹುದು' ಎಂದು ಬಸ್ಸಿನಲ್ಲಿ ಬರುವಾಗ ಹೊಳೆಯಿತು.

ಸಂಜೆ ಅಕ್ಕ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ತುಟಿ ಒದ್ದಾಡಿತು. "ಗೊತ್ತಿ... ಲ್ಲಪ್ಪ," ಎಂದಳು.

ನರ್ಸಮ್ಮನಿಗೆ ಗಾಬರಿ. "ಅಯ್ಯೋ, ನಿಮ್ಮ ಗುರುತೇ ಸಿಗ್ತಿಲ್ಲ ಅನ್ಸುತ್ತೆ."

"ಗುರುತು ಚೆನ್ನಾಗೇ ಸಿಕ್ಕಿದೆ ಸಿಸ್ಟರ್," ಎಂದೆ. "ಅದು ನನ್ನ ಅಡ್ಡಹೆಸರು."

ಮಾರ್ಚ್ ೬, ಗುರುವಾರ

ತೆಳು ಮೋಡ, ಗಾಳಿ ಕಡಿಮೆ.

ವಾರ್ಡಿನ ನರ್ಸಮ್ಮ ಬಂದು ಕೇಳಿದರು. ಪ್ರಾರ್ಥನೆ ಮಾಡುವವರು ವಾರಕ್ಕೊಮ್ಮೆ ಬರುತ್ತಾರಂತೆ, ಕಳಿಸಬೇಕೇ ಎಂದು. ಅಕ್ಕ ದಿಂಬಿನ ಮೇಲೆ ತಲೆಯನ್ನು ಎಡಕ್ಕೂ ಬಲಕ್ಕೂ ಎಷ್ಟು ಜೋರಾಗಿ ಆಡಿಸಿದಳೆಂದರೆ ಮೂಗಿನ ನಳಿಗೆ ಕಿತ್ತುಬಂತು. "ಮತ್ತೆ ನಿಮಗೆ?" ಎಂದು ನನ್ನನ್ನು ಕೇಳಿದರು. "ನನಗೆ ಗೊತ್ತಿಲ್ಲ," ಎಂದೆ. ಅಕ್ಕ ಅರ್ಧ ಬಾಯಲ್ಲೇ ನಕ್ಕಳು. ಅವಳು ನೆನೆಸಿಕೊಂಡದ್ದು ಏನೆಂದು ನನಗೂ ನೆನಪಾಯಿತು.

ಅಕ್ಕ ಹೊಲಿಗೆ ಶಾಲೆಗೆ ಸೇರುವಾಗ ಧರ್ಮ ಯಾವುದು ಎಂಬ ಜಾಗದಲ್ಲಿ 'ನಾಸ್ತಿಕಳು' ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಗುಮಾಸ್ತರು ಕನ್ನಡಕ ಏರಿಸಿ ನೋಡಿ, ಮುದ್ರೆ ಒತ್ತಿದರು. ಅದೇ ಆವರಣದ ಕಾಲೇಜಿಗೆ ಸೇರುವ ನನ್ನ ಸರದಿ ಬಂದಾಗ ನಾನೂ ಏನಾದರೂ ಧೈರ್ಯದ್ದು ಬರೆಯಬೇಕೆಂದು ಹೋಗಿ, ಎಷ್ಟು ಯೋಚಿಸಿದರೂ ದೇವರು ಇದ್ದಾನೆ ಎನ್ನಲೂ ಆಗದೆ ಇಲ್ಲ ಎನ್ನಲೂ ಆಗದೆ, 'ಗೊತ್ತಿಲ್ಲ' ಎಂದು ಬರೆದೆ. ಅದೇ ಗುಮಾಸ್ತರು. "ಗೊತ್ತಿಲ್ಲ ಅಂದ್ರೇನಯ್ಯಾ? ಮನೆಗೆ ಹೋಗಿ ಅಪ್ಪನ್ನ ಕೇಳ್ಕೊಂಡು ಬಾ!" ಎಂದು ಹಿಂದಕ್ಕೆ ತಳ್ಳಿದರು. ಅವತ್ತು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕವಳು ನನಗೆ ಗೊತ್ತಿಲ್ಲಪ್ಪ ಎಂದು ಹೆಸರಿಟ್ಟಳು. ನಾನು ಅವಳಿಗೆ ಇಲ್ಲಮ್ಮ ಎಂದಿಟ್ಟೆ. ಅವಳ ಹೆಸರು ಯಾಕೋ ನಿಲ್ಲಲಿಲ್ಲ, ನನ್ನದು ಕೂದಲು ನೆರೆತರೂ ಬಿಡಲಿಲ್ಲ.

ಮಾರ್ಚ್ ೧೧, ಮಂಗಳವಾರ

ಸಂಜೆ ತುಂತುರು. ನಾವು ಹೇಳಿರಲಿಲ್ಲ.

ಮಾತು ಕಲಿಸುವ ಹುಡುಗಿ ದಿನವೂ ಬರುತ್ತಾಳೆ. ಕಪ್ಪು, ಕಿಟಕಿ, ಕತ್ತರಿ. 'ಕತ್ತರಿ' ಸಲೀಸಾಗಿ ಬಂತು. "ಇನ್ನು ಸ್ವಲ್ಪ ಕಷ್ಟದ ಮಾತು ನೋಡೋಣ, ನಿಮಗೆ ಯಾವುದಾದ್ರೂ ಹೊಳೆಯುತ್ತಾ ಸಾರ್?" ಎಂದಳು. ನನಗೆ ತಡೆಯಲಾಗಲಿಲ್ಲ. "ಅಜ್ಞೇಯವಾದಿ ಹೇಳಿಸಮ್ಮ," ಎಂದೆ. ನನ್ನಂಥವರನ್ನು ಪುಸ್ತಕದಲ್ಲಿ ಕರೆಯುವುದು ಹಾಗೆ.

ಅಕ್ಕ ಕಣ್ಣು ಕೆಕ್ಕರಿಸಿದಳು. "ಅಗ್... ಅಗ್ನೇ... ಥೂ." ಆಮೇಲೆ ಉಸಿರೆಳೆದುಕೊಂಡು, "ನಾಸ್ತಿಕ," ಎಂದಳು, ಸ್ವಚ್ಛವಾಗಿ. ಹುಡುಗಿ ಚಪ್ಪಾಳೆ ತಟ್ಟಿದಳು.

ಹಳೇ ವಾದ ಅದು. "ಒಂದು ಸಲಕ್ಕೆ ಬಾಯಿಗೆ ಬರದೇ ಇರೋ ಹೆಸರು ಇಟ್ಕೊಂಡು ಏನು ಮಾಡ್ತೀಯೋ? ಅದು ನಾಸ್ತಿಕನ ಕೋಟೇ, ಗುಂಡಿ ಹಾಕ್ಕೊಳ್ಳೋಕೆ ನಿನಗೆ ಪುಕ್ಕಲು," ಎನ್ನುತ್ತಿದ್ದಳು. ಕೋಟೇ ಬೇರೆ ಎಂದು ನಾನು. ಅವಳು ಇಲ್ಲ ಎಂದು ನಂಬಿದ್ದಾಳೆ, ನಾನು ಯಾವ ಕಡೆಗೂ ನಂಬಿಲ್ಲ. "ದಿನಾ ಆಕಾಶಕ್ಕೆ ಬಲೂನು ಬಿಡ್ತೀಯಲ್ಲ, ಏನಾದ್ರೂ ಸಿಕ್ತಾ?" "ಗಾಳಿ ಸಿಕ್ತು." "ಮತ್ತೆ?" "ಬಲೂನು ಹೋಗೋದು ಒಂದಷ್ಟು ದೂರ ಕಣೇ. ಆಮೇಲೆ ಒಡೆದುಹೋಗುತ್ತೆ." ಭಾವ ಇದ್ದಾಗ ಪೇಪರಿನ ಹಿಂದಿನಿಂದಲೇ ಹೇಳುತ್ತಿದ್ದರು, "ಇಬ್ಬರೂ ಪ್ರಾರ್ಥನೆಗೆ ಹೋಗದೆ ನನ್ನ ಸೋಫಾ ಸವೆಸ್ತೀರಿ. ನನಗಂತೂ ವ್ಯತ್ಯಾಸ ಕಾಣ್ತಿಲ್ಲ."

ಆ ಸೋಫಾ, ಆ ಚಹಾ, ಆ ಜಗಳ. ಎಷ್ಟು ಸುಖವಾಗಿದ್ದೆವು ನಾವು.

ಮಾರ್ಚ್ ೧೫, ಶನಿವಾರ

ಬಟ್ಟೆ ತರಲು ಅಕ್ಕನ ಮನೆಗೆ ಹೋಗಿದ್ದೆ. ಅಡುಗೆಮನೆಯ ತೊಟ್ಟಿಯಲ್ಲಿ ಅವತ್ತಿನ ಪಾತ್ರೆ ಹಾಗೇ ಬಿದ್ದಿತ್ತು. ಒಣಗಿ ಹಿಡಿದುಕೊಂಡಿದ್ದ ಗಂಜಿಯನ್ನು ನೆನೆಸಿ, ಉಜ್ಜಿ ತೊಳೆದೆ. ತೊಳೆಯುತ್ತ ತೊಳೆಯುತ್ತ ಅಪ್ಪನ ಮನೆಗೆ ಹೋಗಿಬಿಟ್ಟೆ.

ಅಮ್ಮ ಬೇಗ ಹೋದ ಮೇಲೆ ಅತ್ತೆ ನಮ್ಮನ್ನು ನೋಡಿಕೊಳ್ಳಲು ಬಂದಿದ್ದರು. ದೈವಭಕ್ತೆ. ಹಾಲು ಉಕ್ಕಿದರೂ ದೇವರೇ, ಬಾಗಿಲು ಬಡಿದುಕೊಂಡರೂ ದೇವರೇ. ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದವರು, ಸಾಯಂಕಾಲಕ್ಕೆ ಸುಸ್ತಾಗಿ ಬರುತ್ತಿದ್ದರು. ಒಂದು ದಿನ ತೊಟ್ಟಿಯ ತುಂಬ ಪಾತ್ರೆ ನೋಡಿ ಎಲ್ಲರೂ ಒಟ್ಟಿಗೆ "ಅಯ್ಯೋ ದೇವರೇ" ಎಂದು ಅಲ್ಲೇ ನಿಂತೆವು. ಅಪ್ಪನಿಗೆ ರೇಗಿತು. "ಕರೆದ ಮಾತ್ರಕ್ಕೆ ಅವನು ಬಂದು ತೊಳೀತಾನಾ? ಇವತ್ತಿಂದ ಈ ಮನೇಲಿ ಯಾರ ಬಾಯಿಂದ ಆ ಮಾತು ಬರುತ್ತೋ ಅವರದೇ ಪಾತ್ರೆ."

ಅದು ಮನೆಯ ಕಾನೂನಾಯಿತು. ಬಾಯಿ ತಪ್ಪಿದವರು ತಾವಾಗಿಯೇ "ಪಾತ್ರೆ ನಂದು" ಎಂದು ಒಪ್ಪಿಕೊಳ್ಳಬೇಕು, ಬೇರೆಯವರು ಹಿಡಿದು ಹೇಳಿದರೆ ಮಾರನೇ ದಿನದ್ದೂ ಸೇರಿ. ಅತ್ತೆ ಕಾನೂನಿಗೆ ಒಂದು ಚೂರೂ ಹೆದರಲಿಲ್ಲ. ದೇವರನ್ನು ಕರೆಯುತ್ತಲೇ ಪಾತ್ರೆ ಬೆಳಗಿದರು. "ಎರಡು ಕೆಲಸಾನೂ ಒಟ್ಟಿಗೆ ಆಗುತ್ತೆ ಬಿಡಿ," ಎನ್ನುತ್ತಿದ್ದರು. ಸಿಕ್ಕಿಬೀಳುತ್ತಿದ್ದವಳು ಅಕ್ಕ. ಸೂಜಿ ಚುಚ್ಚಿತೆಂದರೆ "ಅಯ್ಯೋ ದೇವರೇ!" ಎಂದೇ ಬರುತ್ತಿತ್ತು ಬಾಯಲ್ಲಿ. ನಾನು ಕಿವಿ ನೆಟ್ಟಗೆ ಮಾಡಿ ಕಾಯುತ್ತಿದ್ದೆ. ನಾನು ಬಾಯಿ ತೆರೆಯುವುದರೊಳಗೆ ಅವಳು "ಪಾತ್ರೆ ನಂದು, ಪಾತ್ರೆ ನಂದು!" ಎಂದು ಕೂಗುತ್ತ ಓಡಿಬರುತ್ತಿದ್ದಳು. ಚುಚ್ಚಿದ ಬೆರಳಿಗೆ ಸೋಪು ಉರಿಯುತ್ತಿತ್ತು. ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. "ನಾಸ್ತಿಕಳಾಗಿ ದೇವರನ್ನ ಯಾಕೆ ಕರೀತೀಯೇ?" ಎಂದು ಕೆಣಕಿದರೆ, "ಕರೆಯೋದು ನಾಲಿಗೆ ಕಣೋ. ನಂಬೋದು ನಾನು," ಎನ್ನುತ್ತಿದ್ದಳು.

ಅಕ್ಕ ಮದುವೆಯಾಗಿ ಹೋದ ಮೇಲೆ ಆ ಕಾನೂನು ತಾನಾಗಿ ನಿಂತುಹೋಯಿತು. ಅಪ್ಪ, ಅತ್ತೆ, ಭಾವ ಒಬ್ಬೊಬ್ಬರಾಗಿ ಹೋದರು. ಅದು ನೆನಪಿರುವವರು ಈಗ ನಾವಿಬ್ಬರೇ. ಅಕ್ಕನ ಮಗಳು ಪುಟ್ಟಿಗೂ ಯಾರೂ ಹೇಳಿದಂತಿಲ್ಲ.

ತಟ್ಟೆಗಳನ್ನೆಲ್ಲ ಒರೆಸಿ ಜೋಡಿಸಿಟ್ಟು ಬಂದೆ.

ಮಾರ್ಚ್ ೨೦, ಗುರುವಾರ

ಅಕ್ಕ ಇವತ್ತು ಪುಟ್ಟಿ ಇಲ್ಲದ ಹೊತ್ತು ನೋಡಿ ನನ್ನ ತೋಳು ಹಿಡಿದಳು. ಎಡಗೈಯಲ್ಲೂ ಎಂಥ ಹಿಡಿತ!

"ಎಲ್ಲರೆದುರು ಹೇಳು. ನಾಸ್ತಿಕಳು. ಹಾಗೇ... ಹೋದ್ಲು. ಪ್ರಾರ್ಥನೆ ಬೇಡ."

"ಅದಕ್ಕೆಲ್ಲ ಇನ್ನೂ ಕಾಲ ಇದೆ. ನೋಡೋಣ."

"ನೋಡೋಣ ಬೇಡ. ಹೂಂ ಅನ್ನು."

"ಒಂದು ಹೆಸರಿನ ಮೇಲೆ ಇಷ್ಟು ಮೋಹ ಯಾಕಕ್ಕಾ?"

"ನಂದು. ನಾನೇ ಹೊಲಿದಿದ್ದು."

ಹೂಂ ಎಂದೆ. ನನ್ನ ಬಾಯಿಂದ ಇಷ್ಟು ಸುಲಭವಾಗಿ ಹೂಂ ಬಂದದ್ದು ನನಗೇ ಆಶ್ಚರ್ಯ. ಕಚೇರಿಯಲ್ಲಿ ಬಲೂನು ವಿಭಾಗದಲ್ಲಿದ್ದವಳೊಬ್ಬಳು ಈ ಒಂದು ಮಾತಿಗಾಗಿ ಎಷ್ಟೋ ಕಾಲ ಕಾದು, ಕೊನೆಗೆ ವರ್ಗ ಮಾಡಿಸಿಕೊಂಡು ಹೋದಳು. ಇವತ್ತು ಅವಳ ನೆನಪೂ ಬಂತು.

ಚಿಂತೆ ಇರುವುದು ಪುಟ್ಟಿಯದು. ವಯಸ್ಸು ಮೂವತ್ತು ದಾಟಿದ್ದರೂ, ಊರಿನ ಬಸ್ಸು ಓಡಿಸುವ ಗಟ್ಟಿಗಿತ್ತಿಯಾಗಿದ್ದರೂ, ನಮಗೆ ಇನ್ನೂ ಪುಟ್ಟಿಯೇ. ಭಾವ ಹೋದ ಮೇಲೆ ಅವಳು ತಾಯಿಗೆ ತಿಳಿಯದಂತೆ ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗಿದಳು. ತಿಳಿದ ದಿನ ಮನೆಯಲ್ಲಿ ರಂಪ ಆಯಿತು. ಮುಂದಿನ ವಾರ ಪುಟ್ಟಿ ಹೊರಟು ನಿಂತಾಗ ಅಕ್ಕ ತಾನು ಹೊಲಿದ ಉಣ್ಣೆಯ ಕೋಟನ್ನು ಅವಳ ಮೇಲೆ ಎಸೆದು, "ಅಲ್ಲಿ ಚಳಿ ಇರುತ್ತೆ. ನಿನ್ನ ದೇವರು ಹೀಟರು ಹಾಕ್ಸಿಲ್ಲ," ಎಂದಳಂತೆ. ಪುಟ್ಟಿ ಇವತ್ತಿಗೂ ಆ ಕೋಟನ್ನೇ ಹಾಕುತ್ತಾಳೆ.

ಮಾರ್ಚ್ ೨೩, ಭಾನುವಾರ

ಮೋಡ. ಏನಾದರೂ ಆಗಬಹುದು.

ಹಾಸಿಗೆಯ ಹೊದಿಕೆ ಬದಲಿಸಲು ನರ್ಸಮ್ಮ ಅಕ್ಕನನ್ನು ಪಕ್ಕಕ್ಕೆ ಹೊರಳಿಸಿದರು. ಭುಜ ನೋವಾಗಿರಬೇಕು. "ಅಯ್ಯೋ ದೇವರೇ!" ಎಂದಳು ಅಕ್ಕ. ಅವತ್ತಿನ 'ನಾಸ್ತಿಕ' ಬಿಟ್ಟರೆ, ಬಿದ್ದ ಮೇಲೆ ಇಷ್ಟು ಸ್ಪಷ್ಟವಾಗಿ ಅವಳು ಏನನ್ನೂ ಹೇಳಿರಲಿಲ್ಲ. ಪುಟ್ಟಿ ಅದೇ ಹೊತ್ತಿಗೆ ಫ್ಲಾಸ್ಕು ಹಿಡಿದು ಬಾಗಿಲಿಗೆ ಬಂದಿದ್ದಳು. ಕೇಳಿಸಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು, ಅಳುತ್ತ ಹೊರಗೆ ಓಡಿಹೋದಳು.

ಅಕ್ಕ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಸರಿಯಾಗಿದ್ದ ಅರ್ಧ ತುಟಿ ಮೇಲಕ್ಕೆ ಹೋಯಿತು.

"ಪಾತ್ರೆ ನಂದು," ಎಂದಳು.

ನಾನು ನಕ್ಕ ನಗುವಿಗೆ ಪಕ್ಕದ ಹಾಸಿಗೆಯವರೆಲ್ಲ ಎದ್ದು ಕೂತರು. ನರ್ಸಮ್ಮ ಬೈದರು. ನಗುತ್ತ ನಗುತ್ತ ಅತ್ತುಬಿಟ್ಟೆ. ಅಕ್ಕ ಸುಸ್ತಾಗಿ ಕಣ್ಣು ಮುಚ್ಚಿದಳು. ಆಮೇಲೆ ಮಾತಾಡಲಿಲ್ಲ.

ಮಾರ್ಚ್ ೨೪, ಸೋಮವಾರ

ಅಕ್ಕ ಹೋದಳು. ನಿದ್ದೆಯಲ್ಲೇ ಎಂದರು.

ಆಕಾಶ ನೋಡಲಿಲ್ಲ.

ಮಾರ್ಚ್ ೨೫, ಮಂಗಳವಾರ

ಪುಟ್ಟಿ ಬಂದಿದ್ದಳು. ಅತ್ತು ಅತ್ತು ಮುಖ ಊದಿತ್ತು, ಆದರೂ ಎಂಥದೋ ಕಳೆ ಇತ್ತು. ನನ್ನ ಎರಡೂ ಕೈ ಹಿಡಿದುಕೊಂಡಳು.

"ಮಾಮ, ನೀನೂ ಕೇಳಿಸ್ಕೊಂಡ್ಯಲ್ಲ? ಅಮ್ಮ ಕೊನೇಲಿ ದೇವರನ್ನ ಕರೆದ್ಲು. ನನಗೆ ಇಷ್ಟು ವರ್ಷ ಅದೊಂದೇ ಭಯ ಇತ್ತು, ನಾನು ಒಂದು ಕಡೆ ಹೋಗ್ತೀನಿ ಅಮ್ಮ ಇನ್ನೊಂದು ಕಡೆ ಹೋಗ್ತಾಳೆ ಅಂತ. ಈಗ ಮತ್ತೆ ಸಿಗ್ತಾಳೆ." ಮೂಗು ಒರೆಸಿಕೊಂಡು ಕೇಳಿದಳು, "ನಾನು ಹೊರಗೆ ಹೋದ ಮೇಲೆ ಏನಾದ್ರೂ ಅಂದ್ಲಾ?"

"ಗೊತ್ತಿಲ್ಲ ಪುಟ್ಟಿ," ಎಂದೆ.

ಗುರುವಾರದ ವಿದಾಯ ಸಭೆಗೆ ಮಂದಿರದ ಹಿರಿಯರನ್ನು ಪ್ರಾರ್ಥನೆಗೆ ಕರೆದಿದ್ದಾಳೆ.

ಇದರಿಂದ ಯಾರಿಗೇನು ನಷ್ಟ? ಮಗುವಿಗೆ ಸಮಾಧಾನ ಸಿಕ್ಕಿದೆ. ಅಕ್ಕನ ಪ್ರಕಾರವೇ ಅಕ್ಕ ಈಗ ಎಲ್ಲೂ ಇಲ್ಲ, ಕೇಳಿಸಿಕೊಳ್ಳುವುದಿಲ್ಲ. ನಾನೂ ನಾಸ್ತಿಕನಾಗಿದ್ದರೆ ನಿಶ್ಚಿಂತೆಯಿಂದ ಕೊಟ್ಟ ಮಾತಿಗೆ ತಪ್ಪಬಹುದಿತ್ತೇನೋ. ನನ್ನ ಹಣೆಬರಹ ನೋಡು, ಅವಳು ಎಲ್ಲೋ ಇದ್ದು ಕೇಳಿಸಿಕೊಳ್ಳುತ್ತಿದ್ದರೂ ಕೇಳಿಸಿಕೊಳ್ಳುತ್ತಿರಬಹುದು. ಸೊಂಟದ ಮೇಲೆ ಕೈ ಇಟ್ಟುಕೊಂಡು.

ದೇವರ ಬಗ್ಗೆ ಗೊತ್ತಿಲ್ಲ ಎನ್ನುವಾಗ ನನಗೆ ಒಮ್ಮೆಯೂ ನಾಚಿಕೆಯಾಗಿದ್ದಿಲ್ಲ. ಇವತ್ತು ಅದೇ ಮಾತು ಹೇಳಿ ಪುಟ್ಟಿಯ ಮುಖ ನೋಡಲಾಗಲಿಲ್ಲ. ಊಟ ಹಾಗೇ ಮುಚ್ಚಿಟ್ಟೆ.

ಮಾರ್ಚ್ ೨೬, ಬುಧವಾರ

ಕೋಟಿಗೆ ಇಸ್ತ್ರಿ ಹಾಕಿದೆ. ಅಕ್ಕ ಹೊಲಿದದ್ದು. ಎಡಗಡೆ ಒಳಜೇಬು ಒಂದು ಹೆಚ್ಚಿಗೆ ಇದೆ. 'ನಿನ್ನ ಅನುಮಾನ ಇಟ್ಕೊಳ್ಳೋಕೆ' ಎಂದಿದ್ದಳು.

ಮಾರ್ಚ್ ೨೭, ಗುರುವಾರ

ಸಭಾಂಗಣ ತುಂಬಿತ್ತು. ಕೋಟಿನ ಅಂಗಡಿಯವರು, ಪುಟ್ಟಿಯ ಜತೆಯ ಬಸ್ಸಿನವರು, ನೆರೆಯವರು. ಮಂದಿರದ ಹಿರಿಯರು ಒಳ್ಳೆಯ ಮುಖದ ಮನುಷ್ಯ. ಅವರು ಎದ್ದು ನಿಂತು, "ಕೊನೆಯ ಗಳಿಗೆಯಲ್ಲಿ ದೇವರನ್ನು ಕರೆದ ಈ ತಾಯಿಗಾಗಿ..." ಎಂದರು.

"ಒಂದು ನಿಮಿಷ," ಎಂದು ನಾನು ಎದ್ದೆ.

ಎಲ್ಲ ಹೇಳಿದೆ. ಅಪ್ಪನ ಕಾನೂನು, ಅತ್ತೆ, ಸೂಜಿ, ಸೋಪು, ಭಾನುವಾರ ಆಸ್ಪತ್ರೆಯಲ್ಲಿ ಅವಳು ನನಗೆ ಹೇಳಿದ ಎರಡು ಮಾತು. "ಪಾತ್ರೆ ನಂದು" ಎಂದಾಗ ಅಂಗಡಿಯವರು ಗೊಳ್ಳೆಂದು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. "ದೇವರ ವಿಷಯ ನನಗೆ ಗೊತ್ತಿಲ್ಲ, ನಿಮ್ಮಲ್ಲಿ ನನ್ನ ಬಲ್ಲವರಿಗೆ ಅದು ಗೊತ್ತಿದೆ," ಎಂದೆ. "ನಮ್ಮಕ್ಕನ ವಿಷಯ ಗೊತ್ತು. ಅವಳು ನಾಸ್ತಿಕಳಾಗಿ ಬದುಕಿದ್ಲು, ನಾಸ್ತಿಕಳಾಗೇ ಹೋದ್ಲು. ನಿಮಗೋಸ್ಕರ ನೀವು ಏನು ಬೇಕಾದ್ರೂ ಬೇಡ್ಕೊಳ್ಳಿ. ಅವಳ ಪರವಾಗಿ ಬೇಡ. ನಾನು ಮಾತು ಕೊಟ್ಟಿದ್ದೀನಿ."

ಹಿರಿಯರು ನನ್ನನ್ನು ನೋಡಿ, ತಲೆಯಾಡಿಸಿ ಕೂತರು.

ಪುಟ್ಟಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು ಹೊರಟುಹೋದಳು. ಅಕ್ಕನನ್ನು ಕಳೆದುಕೊಂಡ ವಾರದಲ್ಲೇ ಮಗಳನ್ನೂ ಕಳೆದುಕೊಂಡೆನೇನೋ. ಮನೆಗೆ ಬಂದು ತುಂಬ ಅತ್ತೆ.

ಏಪ್ರಿಲ್ ೬, ಭಾನುವಾರ

ಪುಟ್ಟಿ ಫೋನು ಮಾಡಿ, ಅಮ್ಮನ ಅಡುಗೆಮನೆ ಖಾಲಿ ಮಾಡಬೇಕು ಬಾ ಎಂದಳು. ಅಷ್ಟೇ ಮಾತು. ಓಡಿಹೋದೆ.

ಮಧ್ಯಾಹ್ನದವರೆಗೆ ಇಬ್ಬರೂ ಡಬ್ಬಿಗಳ ಜತೆ ಮಾತ್ರ ಮಾತಾಡಿದೆವು. ಆಮೇಲೆ ಅವಳು ಚಹಾಕ್ಕಿಟ್ಟು, ಬೆನ್ನು ತಿರುಗಿಸಿಕೊಂಡೇ ಶುರು ಮಾಡಿದಳು.

"ಎಲ್ಲರೆದುರು ಯಾಕೆ ಹೇಳ್ದೆ? ಅವತ್ತೇ ನನಗೊಬ್ಬಳಿಗೆ ಹೇಳಬಹುದಿತ್ತು."

"ಹೌದು. ಗೊತ್ತಿದ್ದೂ ಗೊತ್ತಿಲ್ಲ ಅಂದೆ. ತಪ್ಪಾಯ್ತು ಪುಟ್ಟಿ."

"ನಾನು ಎಷ್ಟು ಖುಷಿಯಾಗಿದ್ದೆ ಗೊತ್ತಾ ಮಾಮ, ಆ ನಾಲ್ಕು ದಿನ?"

"ಗೊತ್ತು."

ಅವಳು ಅತ್ತಳು. ನಾನು ಪಕ್ಕದಲ್ಲಿ ನಿಂತೆ. ಚಹಾ ಕುದಿದು ಕುದಿದು ಕಷಾಯವಾಯಿತು. ತುಂಬ ಹೊತ್ತಿನ ಮೇಲೆ ಕೇಳಿದಳು, "ಈಗ ಅಮ್ಮ ಎಲ್ಲಾದ್ರೂ ಇದ್ದಾಳಾ?"

"ಗೊತ್ತಿಲ್ಲ."

ಪುಟ್ಟಿ ತಿರುಗಿ ನನ್ನ ಮುಖವನ್ನು ದಿಟ್ಟಿಸಿದಳು. "ನಿಜವಾಗ್ಲೂ ಗೊತ್ತಿಲ್ವಾ, ಇಲ್ಲಾ ಅವತ್ತಿನ ಥರಾನಾ?"

"ನಿಜವಾಗ್ಲೂ ಗೊತ್ತಿಲ್ಲ ಮಗಳೇ."

"ಅಮ್ಮ ಆಗಿದ್ರೆ 'ಇಲ್ಲ' ಅಂತಿದ್ಲು."

"ಥಟ್ಟಂತ ಅಂತಿದ್ಲು. ಎರಡನೇ ಸಲ ಅಳೀತಾನೂ ಇರ್ಲಿಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಹಾಗಾದ್ರೆ ಸದ್ಯಕ್ಕೆ ನೀನೇ ವಾಸಿ," ಎಂದು ಚಹಾ ಇಳಿಸಲು ಹೋದಳು. ಪಾತ್ರೆಯ ಹಿಡಿ ಕಾದಿತ್ತು. ಕೈ ಚುರ್ ಎಂದಿತು.

"ಅಯ್ಯೋ ದೇವರೇ!"

ಇಬ್ಬರೂ ಹಾಗೇ ನಿಂತೆವು. ಪುಟ್ಟಿ ತೊಟ್ಟಿಯನ್ನು ನೋಡಿದಳು. ಬೆಳಗಿನಿಂದ ಕಪಾಟಿನಿಂದ ತೆಗೆದ ಧೂಳಿನ ಪಾತ್ರೆಗಳೆಲ್ಲ ಅದರಲ್ಲಿದ್ದವು. ಆಮೇಲೆ ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ತೋಳು ಮಡಿಸಿ, ನಲ್ಲಿ ತಿರುಗಿಸಿದಳು.

"ಪಾತ್ರೆ ನಂದು," ಎಂದಳು. "ಒರೆಸೋ ಬಟ್ಟೆ ಎಲ್ಲಿದೆ ಅಂತಾನಾದ್ರೂ ಗೊತ್ತಾ ಮಾಮ?"

ಗೊತ್ತಿತ್ತು. ಬಾಗಿಲ ಹಿಂದಿನ ಮೊಳೆಯಲ್ಲಿ, ಯಾವಾಗಲೂ ಇರುವ ಜಾಗದಲ್ಲೇ ಇತ್ತು. ಅವಳು ತೊಳೆದಳು, ನಾನು ಒರೆಸಿದೆ.

ಬರುವಾಗ ಆಕಾಶ ನೋಡಿದೆ. ನಾಳೆ ಬಿಸಿಲು.